ಸೀರಿಯಂ ಫಾರ್ವರ್ಡ್ ಬಗ್ಗೆ ಮಾವನ ಜೊತೆ ಜಗಳ

ಮಾವ (ಫಾರ್ವರ್ಡ್): ಚಿನ್ನಕ್ಕಿಂತ ಅಪರೂಪದ ಲೋಹ ಸೀರಿಯಂ! ಚೀನಾ ಕೊಡುವುದು ನಿಲ್ಲಿಸಿದೆ. ಇನ್ನು ಎಲೆಕ್ಟ್ರಿಕ್ ಗಾಡಿ ಸಿಗುವುದಿಲ್ಲ. ಎಲ್ಲರಿಗೂ ಕಳಿಸಿ.

ಮಾವ: ಗಾಡಿ ಬುಕ್ ಮಾಡಿದವರು ಕ್ಯಾನ್ಸಲ್ ಮಾಡಿ.

ನಾನು: ಮಾವ, ಇದು ತಪ್ಪು. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. 2025ರ ಏಪ್ರಿಲ್‌ನಲ್ಲಿ ಚೀನಾ, ಸೀರಿಯಂ ಸೇರಿರುವ ‘ರೇರ್ ಅರ್ತ್’ ಎಂಬ ಗುಂಪಿನ 7 ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಆ ಏಳರಲ್ಲಿ ಸೀರಿಯಂ ಇಲ್ಲ. ಡಿಸ್ಪ್ರೋಸಿಯಂ, ಟರ್ಬಿಯಂ ಇವೆ. ಮೋಟರಿನ ಅಯಸ್ಕಾಂತ ಬಿಸಿ ತಡೆಯಲು ಬೇಕಾಗುವುದು ಅವು.

ಮಾವ: ಎಲ್ಲಾ ಒಂದೇ ಗುಂಪಿನವಲ್ವಾ? ಒಂದಕ್ಕೆ ಬಂದ ಕಷ್ಟ ಎಲ್ಲಕ್ಕೂ ಬರುತ್ತದೆ.

ನಾನು: ಇಲ್ಲ ಮಾವ. ಮಾನಜೈಟ್ ಅದಿರಿನ ರೇರ್ ಅರ್ತ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಸೀರಿಯಮ್ಮೇ. ಅಯಸ್ಕಾಂತಕ್ಕೆ ಅದೇ ಗುಂಪಿನ ನಿಯೋಡಿಮಿಯಂ ಬೇಕು ಅಂತ ಅಗೆದರೂ ಸೀರಿಯಂ ರಾಶಿ ಬೀಳುತ್ತದೆ. ಅದಕ್ಕೇ ಅಗ್ಗ.

ಅಕ್ಕ: ಅಂದರೆ ಉಪಯೋಗಕ್ಕೆ ಬಾರದ್ದಾ?

ನಾನು: ಅಯ್ಯೋ, ಹಾಗೆ ಅನ್ನಬೇಡ! ಕನ್ನಡಕದ ಗಾಜಿಗೆ ಹೊಳಪು ಕೊಡುವುದು ಸೀರಿಯಂ ಆಕ್ಸೈಡ್ ಪುಡಿ. ಸುಮ್ನೆ ಉಜ್ಜುವುದಲ್ಲ, ಗಾಜಿನ ಮೇಲ್ಮೈ ಜೊತೆ ರಾಸಾಯನಿಕವಾಗಿಯೂ ಕೆಲಸ ಮಾಡುತ್ತದೆ. ಪೆಟ್ರೋಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ, ಅಲ್ಲೂ ಇದೇ ಆಕ್ಸೈಡ್. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದ್ದಾಗ ಹಿಡಿದಿಟ್ಟುಕೊಳ್ಳುತ್ತದೆ, ಕಡಿಮೆ ಆದಾಗ ಬಿಟ್ಟುಕೊಡುತ್ತದೆ. ವಿಷದ ಕಾರ್ಬನ್ ಮಾನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುವುದಕ್ಕೆ ಅದೇ ನೆರವು. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ನೀಲಿ ಬೆಳಕಿಗೆ ಹಳದಿ ಸೇರಿಸುವ ಪುಡಿಯಲ್ಲೂ ಸಾಮಾನ್ಯವಾಗಿ ಚೂರು ಸೀರಿಯಂ ಇರುತ್ತದೆ. ಲೈಟರ್ ಕಲ್ಲಿನ ಕಿಡಿಯೂ ಅದರದ್ದೇ. ಮಾವ, ನೀವು ಮದುವೆ ಮನೆಗಳಲ್ಲಿ ಹಚ್ಚುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದರೆ ಒಳಗೆ ಬೆಳಗುವ ಬಲೆ ಚೀಲ ಕೂಡ! ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು.

ಮಾವ: ಮ್ಯಾಂಟಲ್ ನಾನೇ ಕಟ್ಟುತ್ತಿದ್ದೆ. ಸರಿ, ಕೇರಳದ ಮರಳಲ್ಲೇ ಈ ಅದಿರು ಇದೆಯಲ್ಲ. ಮತ್ತೆ ಚೀನಾ ಯಾಕೆ ಬೇಕು?

ನಾನು: ಕೇಳಬೇಕಾದ ಪ್ರಶ್ನೆ ಅದೇ. ಈ ಲೋಹಗಳ ಗುಣ ಒಂದೇ ತರಹ. ಸೀರಿಯಂ ಬೇಗ ಬೇರೆಯಾಗುತ್ತದೆ. ಉಳಿದವನ್ನು ಬಿಡಿಸಲು ದ್ರಾವಕಗಳಲ್ಲಿ ಹಂತದ ಮೇಲೆ ಹಂತ ಹಾಯಿಸಬೇಕು. ಮಾನಜೈಟ್‌ನಲ್ಲಿ ವಿಕಿರಣದ ಥೋರಿಯಂ ಬೇರೆ ಇದೆ. ಆದ್ದರಿಂದ ಆ ಕೆಲಸ ಅಣುಶಕ್ತಿ ಇಲಾಖೆಯ ಐಆರ್‌ಇಎಲ್ ಎಂಬ ಸರ್ಕಾರಿ ಕಂಪನಿಯ ಕೈಯಲ್ಲಿದೆ. ಕೇರಳದ ಆಲುವಾದಲ್ಲಿ 1952ರಿಂದ ಕಾರ್ಖಾನೆ ಇದೆ. ಆದರೆ ಲೋಹದಿಂದ ಅಯಸ್ಕಾಂತ ಮಾಡುವ ಕಾರ್ಖಾನೆಗಳು ಸಾಲದು. ನನಗೆ ಸಿಟ್ಟು ಬರುವುದು ಅಲ್ಲಿ. ಊರಿನ ಗುಂಪಿನಿಂದಲೂ ಇದನ್ನು ಅಳಿಸಿ, ಮಾವ.

ಮಾವ: ಅಳಿಸುತ್ತೇನೆ. ಆದರೆ ಚೀನಾ ವಿಷಯ ಪೂರ್ತಿ ಸುಳ್ಳಲ್ಲ.

ನಾನು: ಒಪ್ಪಿದೆ. ಸೀರಿಯಂ ತೆಗೆದು ಡಿಸ್ಪ್ರೋಸಿಯಂ ಅಂತ, ‘ನಿಲ್ಲಿಸಿದೆ’ ತೆಗೆದು ‘ಲೈಸೆನ್ಸ್ ಕಡ್ಡಾಯ ಮಾಡಿತು’ ಅಂತ ಬರೆಯಿರಿ, ಚಿನ್ನದ ಸಾಲು, ಗಾಡಿಯ ಸಾಲು ತೆಗೆದುಹಾಕಿ. ನಾನೂ ಎಲ್ಲರಿಗೂ ಕಳಿಸುತ್ತೇನೆ.