ಹಗೇವಿಗೆ ಇಳಿಸಿದ 30 ಮೂಟೆ: ಆಲೂಗಡ್ಡೆ ಶೇಖರಣೆ ಪ್ರಶ್ನೋತ್ತರ

ತಜ್ಞೆ, ಬೆಂಗಳೂರು (ಬೆಳಿಗ್ಗೆ 10.00): ಎಲ್ಲರಿಗೂ ನಮಸ್ಕಾರ. ಕೊಯ್ಲಾದ ಮೇಲೆ ತರಕಾರಿ ಕೆಡದ ಹಾಗೆ ಇಡುವುದು ನನ್ನ ಕೆಲಸ. ಇವತ್ತು ಆಲೂಗಡ್ಡೆ ಬಗ್ಗೆ ಕೇಳಿ. ಎಷ್ಟು ಗಡ್ಡೆ, ಎಲ್ಲಿಟ್ಟಿದ್ದೀರಿ, ಊಟಕ್ಕೋ ಬಿತ್ತನೆಗೋ, ಇಷ್ಟು ಬರೆಯಿರಿ.

ಜಯನಗರ, ಗೃಹಿಣಿ: ಮೇಡಂ, 5 ಕೆಜಿ ತಂದರೆ ಸ್ವಲ್ಪ ದಿನಕ್ಕೇ ಮೊಳಕೆ ಬರುತ್ತೆ. ಫ್ರಿಜ್‌ನಲ್ಲಿ ಇಡಬಹುದಾ?

ತಜ್ಞೆ: ಬೇಡಮ್ಮ. ಫ್ರಿಜ್‌ನ ಚಳಿಗೆ ಗಡ್ಡೆಯಲ್ಲಿರುವ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಮೊಳಕೆ ಬೇಗ ಬರುವುದು ಸಹಜ. ಒಂದು ಸಲಕ್ಕೆ ಎರಡು ಕೆಜಿ ಮಾತ್ರ ತನ್ನಿ. ತೊಳೆಯದೆ ಬಿದಿರು ಬುಟ್ಟಿಯಲ್ಲಿ ಹಾಕಿ, ಕತ್ತಲಿರುವ ಮೂಲೆಯಲ್ಲಿಡಿ, ಮೇಲೊಂದು ಗೋಣಿ ಮುಚ್ಚಿ. ಪ್ಲಾಸ್ಟಿಕ್ ಕವರ್‌ನಲ್ಲಿ ಮಾತ್ರ ಬಿಡಬೇಡಿ, ಬೆವರಿ ಕೊಳೆಯುತ್ತದೆ.

ಮಾಲೂರು ಕಡೆಯ ರೈತ: ಕೊಟ್ಟಿಗೆಯಲ್ಲಿ 40 ಮೂಟೆ ಇದೆ ಮೇಡಂ. ಗಡ್ಡೆ ಕಣ್ಣಿನ ಹತ್ತಿರ ಕಪ್ಪು ಹುಡಿ ಕಾಣ್ತಾ ಇದೆ. ರಾತ್ರಿ ಬಲ್ಬಿನ ಸುತ್ತ ಸಣ್ಣ ಬೂದು ಚಿಟ್ಟೆ ಹಾರುತ್ತೆ.

ತಜ್ಞೆ: ಅದು ಗಡ್ಡೆ ಕೊರೆಯುವ ಪತಂಗ. ಕಪ್ಪು ಹುಡಿ ಅದರ ಮರಿಹುಳುವಿನ ಹಿಕ್ಕೆ. ಒಂದು ಗಡ್ಡೆ ಕೊಯ್ದು ನೋಡಿ, ಒಳಗೆ ಸುರಂಗ ಇರುತ್ತದೆ. ಇದು ಹೊಲದಿಂದಲೇ ಬಂದಿದೆ. ಬೋದಿನ ಮಣ್ಣು ಬಿರುಕು ಬಿಟ್ಟು ಗಡ್ಡೆ ಹೊರಗೆ ಕಂಡರೆ ಪತಂಗ ಅಲ್ಲೇ ಮೊಟ್ಟೆ ಇಡುತ್ತದೆ. ಕಿತ್ತ ಗಡ್ಡೆಯನ್ನು ರಾತ್ರಿ ಹೊಲದಲ್ಲೇ ಬಿಟ್ಟು ಅದರದೇ ಗಿಡ ಮುಚ್ಚುವುದಂತೂ ಪತಂಗವನ್ನು ಕರೆದು ಕೂರಿಸಿದ ಹಾಗೆ.

ಇವತ್ತೇ ಮೂಟೆ ಬಿಚ್ಚಿ. ತೂತಾದದ್ದು, ಮೆತ್ತಗಾದದ್ದು, ಗಾಯವಾದದ್ದು ಬೇರೆ ಮಾಡಿ. ಕೆಟ್ಟದ್ದನ್ನು ದೂರದಲ್ಲಿ ಆಳವಾಗಿ ಹೂತುಬಿಡಿ. ಬೇಲಿಯ ಲಂಟಾನ ಅಥವಾ ನೀಲಗಿರಿ ಎಲೆ ಚೆನ್ನಾಗಿ ಒಣಗಿಸಿ, ಕೈಯಲ್ಲೇ ಪುಡಿ ಮಾಡಿ. ನೆಲಕ್ಕೆ ಎರಡು ಬೆರಳು ದಪ್ಪ ಹರಡಿ, ಅದರ ಮೇಲೆ ಗಡ್ಡೆ ರಾಶಿ ಹಾಕಿ, ಮೇಲೆ ಮತ್ತೆ ಅಷ್ಟೇ ದಪ್ಪ ಎಲೆ. ಇದು ಹಳೆಯ ಪದ್ಧತಿ, ಕೆಲಸವನ್ನೂ ಮಾಡುತ್ತದೆ. ರಾಶಿ ಸೊಂಟಕ್ಕಿಂತ ಎತ್ತರ ಹೋಗಬಾರದು. ನಡುವೆ ಅಲ್ಲಲ್ಲಿ ತೂತು ಕೊರೆದ ಪಿವಿಸಿ ಪೈಪ್ ನಿಲ್ಲಿಸಿ, ಒಳಗಿನ ಬಿಸಿ ಗಾಳಿ ಮೇಲೆ ಹೋಗಲಿ. ಹೀಗೆ ಎರಡು, ಜಾಸ್ತಿ ಅಂದರೆ ಮೂರು ತಿಂಗಳು ಇಡಬಹುದು. ವಾರಕ್ಕೊಮ್ಮೆ ರಾಶಿಗೆ ಕೈ ಹಾಕಿ, ವಾಸನೆ ನೋಡಿ.

ಮುಂದಿನ ಬೆಳೆಗೆ: ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಿ, ಗಿಡ ಬುಡಕ್ಕೆ ಕೊಯ್ದುಬಿಡಿ. ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದರೂ ಸಿಪ್ಪೆ ಜಾರಬಾರದು. ಆಮೇಲೆ ಕಿತ್ತು, ಇನ್ನೂ 10–15 ದಿನ ನೆರಳಲ್ಲಿ ಆರಲು ಬಿಡಿ. ಕಿತ್ತಾಗ ಆದ ಗೀರುಗಳು ಅಷ್ಟರಲ್ಲಿ ಮಾಯುತ್ತವೆ. ಅದಕ್ಕೆ ಮೊದಲೇ ಮೂಟೆ ಕಟ್ಟಬೇಡಿ.

ಹೊಸಕೋಟೆ ತಾಲ್ಲೂಕಿನ ರೈತ (11.10): ಮೇಡಂ, ನಮ್ಮನೆ ಹಿಂದೆ ತಾತನ ಕಾಲದ ಹಗೇವು ಇದೆ, ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಹತ್ತು ಅಡಿ ಆಳ, ಬಾಯಿ ಒಬ್ಬರು ಇಳಿಯುವಷ್ಟು. ಫೆಬ್ರವರಿ ಕೊನೆಯಲ್ಲಿ ರೇಟು ಬಿದ್ದಿತ್ತು. 30 ಮೂಟೆ ಆಲೂಗಡ್ಡೆ ಅದಕ್ಕೆ ಇಳಿಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದೆವು. ಈಗ ಸಂದಿಯಿಂದ ನಾತ ಬರ್ತಾ ಇದೆ. ಮಧ್ಯಾಹ್ನ ಇಬ್ಬರು ಹುಡುಗರನ್ನು ಇಳಿಸಿ ಒಳ್ಳೆಯದನ್ನು ಆರಿಸೋಣ ಅಂತಿದ್ದೀನಿ. ಆರಿಸಿದ ಗಡ್ಡೆಗೆ ಏನು ಸಿಂಪಡಿಸಬೇಕು?

ತಜ್ಞೆ (11.14): ಅಣ್ಣ, ಯಾರನ್ನೂ ಇಳಿಸಬೇಡಿ. ಸಿಂಪಡಿಸುವ ಮಾತು ಆಮೇಲೆ. ಇದನ್ನು ಪೂರ್ತಿ ಓದಿ, ಓದಿದ್ದೀನಿ ಅಂತ ಇಲ್ಲಿ ಬರೆಯಿರಿ.

ರಾಗಿ ಬೇರೆ, ಆಲೂಗಡ್ಡೆ ಬೇರೆ. ಒಣಗಿದ ರಾಗಿ ಉಸಿರಾಡುವುದು ತೀರಾ ಕಡಿಮೆ. ಹಗೇವಿನ ಬಾಯಿ ಭದ್ರ ಮಾಡಿದರೆ ಒಳಗಿನ ಆಮ್ಲಜನಕ ಮೆಲ್ಲಗೆ ಇಳಿದು ಹುಳ ಸಾಯುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಹಿರಿಯರು ಅದನ್ನು ಮಾಡಿದ್ದು ಒಣ ಕಾಳಿಗೆ. ಆಲೂಗಡ್ಡೆಯಲ್ಲಿ ನೂರಕ್ಕೆ 80 ಪಾಲು ನೀರು. ಕಿತ್ತ ಮೇಲೂ ಅದಕ್ಕೆ ಜೀವ ಇರುತ್ತದೆ. ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಬಿಸಿಯನ್ನೂ ತೇವವನ್ನೂ ಬಿಡುತ್ತದೆ. ಗಾಳಿ ಸಿಗದಿದ್ದರೆ ಗಡ್ಡೆಯ ನಡುಭಾಗ ಕಪ್ಪಾಗುತ್ತದೆ, ಆಮೇಲೆ ಕೊಳೆಯುತ್ತದೆ. ಕೊಳೆತಷ್ಟೂ ಒಳಗಿನ ಗಾಳಿ ಕೆಡುತ್ತದೆ.

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಗುಂಡಿಯ ತಳದಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಚಪ್ಪಡಿ ತೆಗೆದು ಒಂದೆರಡು ಗಂಟೆ ಬಿಟ್ಟರೆ ಖಾಲಿಯಾಗುವುದಿಲ್ಲ. ಇಳಿದವನಿಗೆ ಕೂಗುವಷ್ಟು ಹೊತ್ತೂ ಸಿಗದೆ ಇರಬಹುದು. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಹೀಗೇ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಹೋಗುತ್ತಾರೆ.

ನಮ್ಮ ಕಡೆ ಹಗೇವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು ಅನ್ನುವುದು ಸರಿಯೇ. ಆದರೆ ಉರಿಯುತ್ತಿದೆ ಅಂದ ಮಾತ್ರಕ್ಕೆ ಇಳಿಯಬಹುದು ಅಂತಲ್ಲ. ದೀಪ ಉರಿಯುವಷ್ಟು ಆಮ್ಲಜನಕ ಇದ್ದೂ, ಮನುಷ್ಯ ಬೀಳುವಷ್ಟು ಇಂಗಾಲದ ಡೈಆಕ್ಸೈಡ್ ಇರಬಹುದು. ಅಲ್ಲದೆ ಕೊಳೆತ ಗುಂಡಿಯಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರಬಹುದು. ನೀವು ದೀಪ ಇಳಿಸಲೇಬೇಡಿ.

ಗುಂಡಿ ಸುತ್ತ ಮುಳ್ಳು ಹಾಕಿ, ಮಕ್ಕಳು ಹತ್ತಿರ ಬರದಿರಲಿ. ಬಾಯಿಗೆ ಬಗ್ಗಿ ತಲೆ ಒಳಗೆ ಹಾಕಬೇಡಿ. ಆ 30 ಮೂಟೆಯ ಆಸೆ ಬಿಟ್ಟು ಮೇಲಿನಿಂದ ಮಣ್ಣು ತುಂಬಿಸಿ. ಯಾರಾದರೂ ಆಗಲೇ ಇಳಿದು ಬಿದ್ದಿದ್ದರೆ 112ಕ್ಕೆ ಫೋನ್ ಮಾಡಿ. ನೀವು ಇಳಿಯಬೇಡಿ.

ವಿಜಯನಗರ, ಟೆರೇಸ್ ತೋಟ: ಇದು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂತು: "ಗೋಧಿಗೆ ಇಡುವ ಮಾತ್ರೆ ಮೂಟೆಗೆ ಒಂದು ಹಾಕಿದರೆ ಆಲೂಗಡ್ಡೆಗೆ ಆರು ತಿಂಗಳು ಹುಳ ಬರಲ್ಲ, 100% ಗ್ಯಾರಂಟಿ, ಎಲ್ಲರಿಗೂ ಕಳಿಸಿ." ನಿಜವಾ?

ತಜ್ಞೆ: ಅದನ್ನು ಯಾರಿಗೂ ಕಳಿಸಬೇಡಿ. ಕಳಿಸಿದವರಿಗೆ ನನ್ನ ಉತ್ತರ ಕಳಿಸಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನ್ನುವ ವಿಷಾನಿಲ ಬಿಡುತ್ತದೆ. ಮೂಟೆ ಪಕ್ಕದ ಕೋಣೆಯಲ್ಲಿ ಮಲಗಿದವರು ಬೆಳಿಗ್ಗೆ ಏಳದೇ ಇರಬಹುದು. ಅದು ಮನೆಯಲ್ಲಿ ಬಳಸುವ ವಸ್ತುವೇ ಅಲ್ಲ.

ರಾಜಾಜಿನಗರ: ಹಾಗಾದರೆ ಹುಳ ಸಾಯಿಸುವ ಗಮಾಕ್ಸಿನ್ ಪುಡಿ? ನಮ್ಮ ಮಾವ ಹಾಕ್ತಿದ್ದರು.

ತಜ್ಞೆ: ನಿಷೇಧವಾಗಿದೆ. ಹಳೆ ಡಬ್ಬ ಇದ್ದರೂ ಮುಟ್ಟಬೇಡಿ.

ಜಯನಗರ, ಗೃಹಿಣಿ: ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಡಬಹುದಾ?

ತಜ್ಞೆ: ಬೇಡ. ಈರುಳ್ಳಿಗೆ ಒಣ ಗಾಳಿ ಬೇಕು, ಆಲೂಗಡ್ಡೆಗೆ ಸ್ವಲ್ಪ ತೇವ ಬೇಕು. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಹೊಸಕೋಟೆಯವರು ಇದ್ದೀರಾ?

ಬಸವನಗುಡಿ, ಹಿರಿಯರು: ನೋಡಮ್ಮ, ನಮ್ಮ ಅತ್ತೆ 40 ವರ್ಷ ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟರು. ಏನೂ ಆಗಲಿಲ್ಲ. ಈಗಿನವರು ಸುಮ್ನೆ ಹೆದರಿಸುತ್ತೀರಿ.

ಯಶವಂತಪುರ, ಮಂಡಿ ವ್ಯಾಪಾರಿ: ಅಮ್ಮ, ನಿಮ್ಮತ್ತೆ ನಾಲ್ಕು ದಿನಕ್ಕೆ ಖಾಲಿ ಮಾಡುತ್ತಿದ್ದರು. ನಮ್ಮ ಹತ್ತಿರ ನೂರಾರು ಮೂಟೆ ಇರುತ್ತೆ, ಅಲ್ವಾ? ರೈತರು ಸುಮ್ನೆ ಕೋಲ್ಡ್ ಸ್ಟೋರೇಜ್‌ಗೆ ಹಾಕಿದರೆ ಈ ಗುಂಡಿ, ಎಲೆ ಯಾವುದೂ ಬೇಡ.

ಮಾಲೂರು ಕಡೆಯ ರೈತ: ಬಾಡಿಗೆ ನೀವು ಕೊಡ್ತೀರಾ? ಮೂಟೆಗೆ ಬಾಡಿಗೆ, ಹಮಾಲಿ, ಲಾರಿ. ಮೂರು ತಿಂಗಳು ಇಟ್ಟು ತೆಗೆದರೆ ಆ ದಿನದ ರೇಟು ನೀವೇ ಹೇಳೋದು.

ಯಶವಂತಪುರ, ಮಂಡಿ ವ್ಯಾಪಾರಿ: ರೇಟು ನಾನು ಮಾಡಲ್ಲ. ಮಾಲು ಜಾಸ್ತಿ ಬಂದರೆ ಬೀಳುತ್ತೆ. ಹಸಿ ಗಡ್ಡೆ ಕಿತ್ತು, ಸಿಪ್ಪೆ ಸುಲಿದು ಬಂದ ಮೂಟೆ ತಂದು ನನ್ನನ್ನು ಬೈತೀರಿ.

ಮಾಲೂರು ಕಡೆಯ ರೈತ: ಸಾಲದವರು ಬಾಗಿಲಲ್ಲಿ ನಿಂತಾಗ ಸಿಪ್ಪೆ ಬಲಿಯುವ ತನಕ ಕಾಯಕ್ಕಾಗುತ್ತಾ? ಅಂಗಡಿಯಲ್ಲಿ ಕೂತವರಿಗೆ ಅದು ಗೊತ್ತಾಗಲ್ಲ.

ಬಸವನಗುಡಿ, ಹಿರಿಯರು: ನಾನು ಕೇಳಿದ್ದು ಈರುಳ್ಳಿ ವಿಷಯ.

ಗಾಂಧಿಬಜಾರ್, ಹೋಟೆಲ್: ಮೇಡಂ, ಕೋಲ್ಡ್ ಸ್ಟೋರೇಜ್ ಗಡ್ಡೆ ತಂದರೆ ಚಿಪ್ಸ್ ಕೆಂಪಗಾಗುತ್ತೆ. ಎಣ್ಣೆ ಬದಲಾಯಿಸಿದರೂ ಅದೇ.

ತಜ್ಞೆ: ಎಣ್ಣೆಯ ತಪ್ಪಲ್ಲ. ಫ್ರಿಜ್ ಬಗ್ಗೆ ಮೇಲೆ ಬರೆದದ್ದೇ ಇಲ್ಲೂ ನಡೆದಿದೆ. ಬಿತ್ತನೆ ಗಡ್ಡೆಯನ್ನು 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ, ಚಿಪ್ಸ್ ಗಡ್ಡೆಯನ್ನು 10ರಿಂದ 12ರಲ್ಲಿ. ಖರೀದಿ ಮಾಡುವಾಗ ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದು ಅಂತ ಕೇಳಿ. ತಂದದ್ದನ್ನು ಎರಡು ಮೂರು ವಾರ 15–20 ಡಿಗ್ರಿಯ ತಂಪು ಜಾಗದಲ್ಲಿ ಇಟ್ಟರೆ ಸಕ್ಕರೆ ಸ್ವಲ್ಪ ಇಳಿಯುತ್ತದೆ.

ಮಲ್ಲೇಶ್ವರ: ಮೇಡಂ, ಗಡ್ಡೆ ಹಸಿರಾಗಿದೆ. ಬೇಯಿಸಿದರೆ ಸರಿ ಹೋಗುತ್ತಾ? ಮನೆಯಲ್ಲಿ ಚಿಕ್ಕ ಮಗು ಇದೆ.

ತಜ್ಞೆ: ಹೋಗುವುದಿಲ್ಲ. ಹಸಿರು ಬೆಳಕಿನಿಂದ ಬರುತ್ತದೆ. ಅದರ ಜೊತೆಗೇ ಸೊಲನಿನ್ ಅನ್ನುವ ವಿಷವೂ ಜಾಸ್ತಿಯಾಗುತ್ತದೆ. ಬೇಯಿಸಿದರೆ ಅದು ಹೋಗಲ್ಲ. ಒಂದು ಕಡೆ ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೊಯ್ದು ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ, ಕಹಿ ಇದ್ದರೆ ಎಸೆಯಿರಿ. ಮಗುವಿಗೆ ಕೊಡಲೇಬೇಡಿ.

ಚಿಕ್ಕಬಳ್ಳಾಪುರದ ರೈತ: ನಮ್ಮ ಬಿತ್ತನೆ ಗಡ್ಡೆಯೂ ಹಸಿರಾಗಿದೆ. ಎಸೆಯಬೇಕಾ?

ಮಾಲೂರು ಕಡೆಯ ರೈತ: ಬೇಡ ಅಣ್ಣ. ಬಿತ್ತನೆಗೆ ಹಸಿರಾದರೆ ಒಳ್ಳೆಯದು. ನೇರ ಬಿಸಿಲು ಬೀಳದ ಬೆಳಕಲ್ಲಿ ತಟ್ಟೆಗಳಲ್ಲಿ ತೆಳ್ಳಗೆ ಹರಡಿ. ಮೊಳಕೆ ಗಿಡ್ಡಗೆ, ಗಟ್ಟಿಯಾಗಿ ಬರುತ್ತೆ. ಕತ್ತಲಲ್ಲಿ ಬಂದ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತೆ.

ವಿಜಯನಗರ, ಟೆರೇಸ್ ತೋಟ: ಇಟ್ಟಿಗೆ ನಡುವೆ ಮರಳು ತುಂಬಿ ನೀರು ಹಾಕುವ ಕರೆಂಟಿಲ್ಲದ ಫ್ರಿಜ್ ಕಟ್ಟಿದರೆ ಹೇಗೆ?

ಕೆಂಗೇರಿ: ಗೋಣಿಚೀಲ ಒಳ್ಳೆಯದೋ, ಬಲೆ ಚೀಲವೋ?

ರಾಜಾಜಿನಗರ: ಇನ್ನೊಂದು ಫಾರ್ವರ್ಡ್ ಬಂತು. ಉಪ್ಪುನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದರೆ ವರ್ಷ ಇರುತ್ತಂತೆ.

ತಜ್ಞೆ (1.20): ಇರುವುದಿಲ್ಲ. ತೊಳೆದರೆ ಕೊಳೆಯುತ್ತದೆ, ಬಿಸಿಲಿಗಿಟ್ಟರೆ ಹಸಿರಾಗುತ್ತದೆ. ಎರಡನ್ನೂ ಮೇಲೆ ಬರೆದಿದ್ದೇನೆ. ದಯವಿಟ್ಟು ಫಾರ್ವರ್ಡ್ ನಿಲ್ಲಿಸಿ. ಎರಡು ಗಂಟೆಯಿಂದ ನಾನು ಒಬ್ಬರ ಉತ್ತರಕ್ಕೆ ಕಾಯುತ್ತಿದ್ದೇನೆ. ಹೊಸಕೋಟೆಯವರ ಪರಿಚಯ ಯಾರಿಗಾದರೂ ಇದ್ದರೆ ಈಗಲೇ ಫೋನ್ ಮಾಡಿ.

ಬಸವನಗುಡಿ, ಹಿರಿಯರು: ಎಲ್ಲರ ಮೇಲೂ ರೇಗಬೇಡಮ್ಮ.

ಯಶವಂತಪುರ, ಮಂಡಿ ವ್ಯಾಪಾರಿ: ಅವರ ಮಾಲು ನಮ್ಮ ಪಕ್ಕದ ಮಳಿಗೆಗೆ ಬರುತ್ತೆ. ನಂಬರ್ ಸಿಕ್ಕಿತು. ರಿಂಗ್ ಆಗ್ತಿದೆ, ಎತ್ತುತ್ತಿಲ್ಲ.

ಜಯನಗರ, ಗೃಹಿಣಿ: ಈರುಳ್ಳಿಯನ್ನಾದರೂ ಫ್ರಿಜ್‌ನಲ್ಲಿ ಇಡಬಹುದಾ?

ಮಾಲೂರು ಕಡೆಯ ರೈತ: ಅಕ್ಕ, ಸ್ವಲ್ಪ ಸುಮ್ಮನಿರಿ.

ಯಶವಂತಪುರ, ಮಂಡಿ ವ್ಯಾಪಾರಿ (1.52): ಎತ್ತಿದರು. ಎಲ್ಲರೂ ಮೇಲೆಯೇ ಇದ್ದಾರಂತೆ.

ಹೊಸಕೋಟೆ ತಾಲ್ಲೂಕಿನ ರೈತ (2.15): ಕ್ಷಮಿಸಿ ಮೇಡಂ, ಫೋನ್ ಮನೆಯಲ್ಲಿ ಬಿಟ್ಟಿದ್ದೆ. ಚಪ್ಪಡಿ ತೆಗೆದಿದ್ದೆವು. ಒಬ್ಬ ಹುಡುಗ ಏಣಿ ಮೇಲೆ ಕಾಲಿಟ್ಟಿದ್ದ. ಅಷ್ಟರಲ್ಲಿ ಮಗಳು ನಿಮ್ಮ ಮೆಸೇಜ್ ಓದಿ ಕೂಗುತ್ತಾ ಓಡಿ ಬಂದಳು. ಏಣಿ ಎತ್ತಿಬಿಟ್ಟೆ. ಹುಡುಗರಿಗೆ ಅರ್ಧ ದಿನದ ಕೂಲಿ ಕೊಟ್ಟು ಕಳಿಸಿದೆ. ಪೂರ್ತಿ ಓದಿದ್ದೀನಿ.

ತಜ್ಞೆ: ಮಗಳಿಗೆ ನನ್ನ ನಮಸ್ಕಾರ ಹೇಳಿ. ಬಾಯಿ ಈಗ ತೆರೆದೇ ಇದೆಯಾ? ಮಣ್ಣು ಬರುವ ತನಕ ಹತ್ತಿರ ಒಬ್ಬರು ದೊಡ್ಡವರು ನಿಂತಿರಲಿ. ಟ್ರ್ಯಾಕ್ಟರ್ ಚಕ್ರ ಅಂಚಿಗೆ ಬಾರದಿರಲಿ, ಹಳೆಯ ಗುಂಡಿ, ಕುಸಿಯುತ್ತದೆ. ದೂರ ಸುರಿದು ಸಲಿಕೆಯಲ್ಲಿ ತಳ್ಳಿ.

ಹೊಸಕೋಟೆ ತಾಲ್ಲೂಕಿನ ರೈತ (5.40): ಎರಡು ಲೋಡ್ ಮಣ್ಣು ಬಿತ್ತು ಮೇಡಂ. ಫೋಟೋ ಹಾಕಿದ್ದೀನಿ. ಕೊಟ್ಟಿಗೆಯಲ್ಲಿ ಇನ್ನೂ 12 ಮೂಟೆ ಇದೆ, ಚೆನ್ನಾಗಿದೆ. ಮಾಲೂರಿನವರಿಗೆ ಹೇಳಿದ ಹಾಗೆ ಲಂಟಾನ ಎಲೆ ಹಾಕಬಹುದಾ?

ತಜ್ಞೆ: ಹಾಕಿ. ಎಲೆ ಚೆನ್ನಾಗಿ ಒಣಗಿರಬೇಕು.