1/24 ಅಳತೆಯ ಮಾಡಿಫೈಡ್ ಆರ್‌ಎಕ್ಸ್-7 ಕಾರ್ ಮಾಡೆಲ್: ಫೆಂಡರ್ ಪುಟ್ಟಿ ಎದ್ದು ಬಂತು, ಬಣ್ಣಕ್ಕೆ ಮಂಜು ಹಿಡೀತು, ಮುಂದೇನು ಮಾಡಲಿ?

ಮೈಸೂರು_ಮಾಡೆಲರ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಕೆಲಸಕ್ಕೆ ಅಂತ ಯೋಕೊಹಾಮಾದಲ್ಲಿದ್ದೆ. ಅಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರ ಹತ್ತಿರ ಕಡುನೀಲಿ ಮಜ್ದಾ ಆರ್‌ಎಕ್ಸ್-7 ಇತ್ತು, ಎಫ್‌ಡಿ ಮಾಡೆಲ್, ಅಂದರೆ ಆ ಕಾರಿನ ಮೂರನೇ ತಲೆಮಾರು. ವೈಡ್‌ಬಾಡಿ (ಚಕ್ರದ ಮೇಲಿನ ಫೆಂಡರ್ ಅಗಲ ಮಾಡಿದ್ದು), 18 ಇಂಚಿನ ಚಕ್ರ, ನೆಲಕ್ಕೆ ಅಂಟಿಕೊಂಡ ಹಾಗೆ ಇಳಿಸಿದ ಸಸ್ಪೆನ್ಷನ್. ಕೆಲವು ಶನಿವಾರ ರಾತ್ರಿ ನನ್ನನ್ನೂ ಕೂರಿಸಿಕೊಂಡು ದೈಕೊಕು ಪಾರ್ಕಿಂಗ್ ಏರಿಯಾಗೆ ಹೋಗುತ್ತಿದ್ದರು. ಎಕ್ಸ್‌ಪ್ರೆಸ್‌ವೇಗಳು ಸುರುಳಿ ಸುತ್ತಿಕೊಂಡಿರೋ ಕಡೆ, ಆ ಸುರುಳಿಯ ಒಳಗೇ ಇರೋ ಜಾಗ ಅದು. ಎಲ್ಲಿ ನೋಡಿದರೂ ಮಾಡಿಫೈಡ್ ಗಾಡಿಗಳು. ಆದರೆ ಪಿಸ್ಟನ್ ಬದಲು ರೋಟರ್ ಸುತ್ತುವ ಆ ರೋಟರಿ ಇಂಜಿನ್ ಐಡಲ್‌ನಲ್ಲಿ ನಿಂತಾಗ ಬರೋ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅದೇ ಗಾಡಿಯನ್ನು 1/24 ಅಳತೆಯಲ್ಲಿ ಮಾಡಿ ಅವರಿಗೆ ಕಳಿಸಬೇಕು ಅಂತ ಆಸೆ. ಇಂಜಿನ್ ಇರೋ ಕಿಟ್ ತಂದಿದ್ದೇನೆ. ಹೊರಗಿನ ಫೋಟೋ ಸುಮಾರು ಅರವತ್ತು ಇವೆ, ಬಾನೆಟ್ ತೆಗೆದಿರೋದು ಎರಡೇ.

ಸಮಸ್ಯೆ ಮೂರು. ಫೆಂಡರ್ ಅಗಲ ಮಾಡಲು ಟ್ಯೂಬ್ ಪುಟ್ಟಿಯನ್ನು ದಪ್ಪಗೆ ಹಚ್ಚಿದೆ. ವಾರದ ನಂತರ ಉಜ್ಜುವಾಗ ಅಂಚಿನಲ್ಲಿ ಬಿರುಕು ಬಿಟ್ಟು, ಹಿಂದಿನ ಎಡಗಡೆಯದು ಪೂರ್ತಿ ಚಕ್ಕೆಯಾಗಿ ಎದ್ದು ಬಂತು. ಬಣ್ಣ ಹೇಗೆ ಬರುತ್ತದೆ ನೋಡೋಣ ಅಂತ ಬಾನೆಟ್‌ಗೆ ಮಾತ್ರ ಕಾರಿನ ಟಚ್‌ಅಪ್ ಸ್ಪ್ರೇ ಹೊಡೆದೆ. ಜುಲೈ ತಿಂಗಳ ಸಂಜೆ, ಹೊರಗೆ ಜಿಟಿಜಿಟಿ ಮಳೆ. ಬೆಳಗ್ಗೆ ನೋಡಿದರೆ ನೀಲಿ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು. ಮೂರನೆಯದು ಇಂಜಿನ್. ಎಷ್ಟು ವೈರ್, ಎಷ್ಟು ಪೈಪ್ ಹಾಕಬೇಕು? ಜಾಸ್ತಿ ಹಾಕಿದಷ್ಟೂ ನಿಜದ ಹಾಗೆ ಕಾಣುತ್ತದೆ ಅಲ್ವಾ?

ಸ್ಕೇಲ್_ಪಟ್ಟಿ

ಪುಟ್ಟಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಚಕ್ರ ಜೋಡಿಸಿ ನೋಡಿದ್ದೀರಾ? ನಿಮ್ಮ ಪೋಸ್ಟ್‌ನಲ್ಲಿ ಆ ಮಾತೇ ಇಲ್ಲ. ವೈಡ್‌ಬಾಡಿ ಮಾಡುವಾಗ ಮೊದಲು ಚಕ್ರ, ಆಮೇಲೆ ಫೆಂಡರ್.

ಲೆಕ್ಕ ಹಾಕಿ. 18 ಇಂಚಿನ ರಿಮ್ ಅಂದರೆ 457 ಮಿ.ಮೀ. 24ರಿಂದ ಭಾಗಿಸಿದರೆ 19. ಮೊದಲಿನ ಎಫ್‌ಡಿಗಳಲ್ಲಿ ಕಂಪನಿಯಿಂದ ಬರುತ್ತಿದ್ದದ್ದು 16 ಇಂಚು, ಟೈರ್ 225/50 (ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ 50%). ಸ್ಕೇಲ್‌ನಲ್ಲಿ ಆ ರಿಮ್ 17 ಮಿ.ಮೀ. ಆಗುತ್ತದೆ. ರಿಮ್ 2 ಮಿ.ಮೀ. ಬೆಳೆಯಿತು ಅಂತ ಇಡೀ ಚಕ್ರ ಅಷ್ಟು ಬೆಳೆಯಲ್ಲ. ಹಿಂದೆ 265/35 ಟೈರ್ ಇದೆ ಅಂದುಕೊಳ್ಳಿ. ಅದರ ಒಟ್ಟು ಎತ್ತರ 643 ಮಿ.ಮೀ., ಸ್ಕೇಲ್‌ನಲ್ಲಿ 26.8. ಕಂಪನಿಯ 16 ಇಂಚಿನ ಚಕ್ರ ಟೈರ್ ಸೇರಿ 26.3. ವ್ಯತ್ಯಾಸ ಬರೀ ಅರ್ಧ ಮಿ.ಮೀ. ಕಿಟ್‌ನ ದಪ್ಪ ಟೈರನ್ನೇ ದೊಡ್ಡ ರಿಮ್‌ಗೆ ಎಳೆದು ಹಾಕಿದರೆ ಗಾಡಿ ಟ್ರ್ಯಾಕ್ಟರ್ ಹಾಗೆ ಕಾಣುತ್ತದೆ. ಟೈರಿನ ಪಕ್ಕದ ಗೋಡೆ 3.9 ಮಿ.ಮೀ. ಇರಬೇಕು, ಅದಕ್ಕಿಂತ ದಪ್ಪ ಬೇಡ.

ಫೆಂಡರ್ ಕೂಡ ಹಾಗೇ. ನಿಜದ ಗಾಡಿ ಒಂದೊಂದು ಬದಿಗೆ 50 ಮಿ.ಮೀ. ಅಗಲವಾಗಿದ್ದರೆ ನಿಮಗೆ ಬೇಕಾಗಿರೋದು 2 ಮಿ.ಮೀ.ಗಿಂತ ಚೂರು ಜಾಸ್ತಿ, ಅಷ್ಟೇ. ಅಷ್ಟಕ್ಕೆ ಪುಟ್ಟಿ ಗುಡ್ಡೆ ಹಾಕೋದು ಬೇಡ. ಟ್ಯೂಬ್ ಪುಟ್ಟಿ ಒಣಗುತ್ತಾ ಕುಗ್ಗುತ್ತದೆ, ದಪ್ಪ ಇದ್ದಷ್ಟೂ ಜಾಸ್ತಿ ಕುಗ್ಗುತ್ತದೆ, ಕೆಳಗಿನ ಪ್ಲಾಸ್ಟಿಕ್ ನುಣ್ಣಗಿದ್ದರೆ ಹಿಡಿತ ಸಿಗದೆ ಹೀಗೇ ಎದ್ದು ಬರುತ್ತದೆ. ಈಗ ಇರೋದನ್ನೆಲ್ಲ ಕೆರೆದು ತೆಗೆಯಿರಿ. 240 ನಂಬರಿನ ಎಮರಿ ಪೇಪರ್‌ನಲ್ಲಿ ಪ್ಲಾಸ್ಟಿಕ್ಕನ್ನು ಒರಟು ಮಾಡಿ. 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟನ್ನು ಆರ್ಚ್ (ಚಕ್ರದ ಮೇಲಿನ ಕಮಾನು) ಆಕಾರಕ್ಕೆ ಕತ್ತರಿಸಿ ಎರಡು ಪದರ ಅಂಟಿಸಿ. ಶೀಟ್‌ಗೂ ಬಾಡಿಗೂ ನಡುವಿನ ಇಳಿಜಾರಿಗೆ ಮಾತ್ರ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ. ಎಂ-ಸೀಲ್ ಕೂಡ ನಡೆಯುತ್ತದೆ, ಒಂದು ರಾತ್ರಿ ಪೂರ್ತಿ ಬಿಡಿ. ಒಂದು ಬದಿ ಮುಗಿಸಿ, ಅದರ ಆಕಾರವನ್ನು ಮದುವೆ ಕಾರ್ಡಿನ ರಟ್ಟಿನಲ್ಲಿ ಕತ್ತರಿಸಿಕೊಂಡು ತಿರುಗಿಸಿ ಇನ್ನೊಂದು ಬದಿಗೆ ಹಿಡಿಯಿರಿ. ಕಣ್ಣಳತೆ ನಂಬಬೇಡಿ.

ಕಡಲತಡಿ

ನಾನು ಮಂಗಳೂರು. ಆ ಬಿಳಿ ಮಂಜಿನ ಜೊತೆ ಬಹಳ ವರ್ಷ ಗುದ್ದಾಡಿದ್ದೇನೆ. ಲ್ಯಾಕರ್ ಅಂದರೆ ಆ ಸ್ಪ್ರೇಯಂಥ ಬೇಗ ಆರುವ ಬಣ್ಣ. ಅದರ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಬಣ್ಣದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಕಾರಿನ ಬಾಡಿ ಮೇಲೆ ಬಣ್ಣ ಹೊಡೆಯೋದೇ ಇಲ್ಲ, ಇಂಜಿನ್ನು, ಸೀಟು, ಡ್ಯಾಶ್‌ಬೋರ್ಡ್ ಇಟ್ಟುಕೊಂಡು ಕೂರುತ್ತೇನೆ. ನಿಮ್ಮ ಮೈಸೂರಿನಲ್ಲಿ ಅಷ್ಟು ಕಷ್ಟ ಇಲ್ಲ, ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ ಹೊಡೆದರೆ ಸಾಕು.

ಸಾಮಾನ್ಯವಾಗಿ ಆ ಮಂಜು ತೆಗೆಯಬಹುದು. ಒಣ ಹವೆಯ ದಿನ ನಿಧಾನವಾಗಿ ಆರುವ ಥಿನ್ನರನ್ನು, ರಿಟಾರ್ಡರ್ ಇರೋದನ್ನು, ಏರ್‌ಬ್ರಷ್‌ನಲ್ಲಿ ಹನಿ ಹನಿಯಾಗಿ ಮೇಲೆ ಬೀಳಿಸಿ. ಬಣ್ಣ ಸ್ವಲ್ಪ ಕರಗಿ ತೇವ ಹೊರಗೆ ಬರುತ್ತದೆ. ನಿಮ್ಮ ಬಾನೆಟ್‌ಗೆ ಮಾತ್ರ ನಾನು ಆ ಕೆಲಸ ಹೇಳಲ್ಲ. ಪೂರ್ತಿ ತೆಗೆದು ಹೊಸದಾಗಿ ಶುರು ಮಾಡಿ. ಯಾಕೆ ಅಂದರೆ ಕಾರಿನ ಟಚ್‌ಅಪ್ ಬಣ್ಣದಲ್ಲಿರೋ ಮಿನುಗು ಕಣಗಳು ನಿಜದ ಕಾರಿಗೆ ಮಾಡಿದ್ದು. 1/24ರಲ್ಲಿ ಅವು ಜಲ್ಲಿಕಲ್ಲು ಹಾಗೆ ಎದ್ದು ಕಾಣುತ್ತವೆ. ಮಾಡೆಲ್‌ಗೆ ಅಂತಲೇ ಬರೋ ಸಣ್ಣ ಕಣದ ಮೈಕಾ ನೀಲಿ ತೆಗೆದುಕೊಳ್ಳಿ. ಕೆಳಗೆ ಪ್ರೈಮರ್ ಮರೀಬೇಡಿ, ಜೋರು ಲ್ಯಾಕರ್ ನೇರವಾಗಿ ಪ್ಲಾಸ್ಟಿಕ್ ಮೇಲೆ ಬಿದ್ದರೆ ಅದನ್ನೇ ತಿನ್ನುತ್ತದೆ.

ಇನ್ನೊಂದು ಮಾತು. ಬಾಗಿಲ ಸುತ್ತಲಿನ ಗೆರೆ ಸ್ಕೇಲ್‌ನಲ್ಲಿ ಹೆಚ್ಚುಕಡಿಮೆ 0.2 ಮಿ.ಮೀ. ಮಾತ್ರ. ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಮೂರೂ ಸೇರಿದರೆ ಅದು ತುಂಬಿಹೋಗುತ್ತದೆ. ಪ್ರೈಮರ್‌ಗೆ ಮುಂಚೆಯೇ ಬ್ಲೇಡಿನ ಬೆನ್ನಿನಿಂದ ಎರಡು ಮೂರು ಸಲ ಮೆಲ್ಲಗೆ ಎಳೆದು ಆಳ ಮಾಡಿಕೊಳ್ಳಿ. ಬಣ್ಣ ಹೊಡೆದ ಮೇಲೆ ಬಾಡಿ ಮೇಲೆ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಧೂಳು ಕೂರಲ್ಲ. 2ಕೆ ಕ್ಲಿಯರ್ (ಎರಡು ಭಾಗ ಬೆರೆಸಿ ಗಟ್ಟಿಯಾಗುವಂಥದ್ದು) ಬಳಸೋದಾದರೆ ಬಟ್ಟೆ ಮಾಸ್ಕ್ ಸಾಲದು. ಅದರಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಐಸೊಸಯನೇಟ್ ಇರುತ್ತದೆ, ಪೇಂಟಿಗೆ ಅಂತ ಬರೋ ಸರಿಯಾದ ರೆಸ್ಪಿರೇಟರ್ ಹಾಕಿ, ಹೊರಗೆ ಹೊಡೆಯಿರಿ.

ಟರ್ಬೋ_ಭಟ್ಕಳ

ನಾನು ಮಾಡೆಲ್ ಮಾಡೋನಲ್ಲ, ನಿಜದ ಗಾಡಿ ಕೆಲಸದವನು. ದುಬೈನ ಟ್ಯೂನಿಂಗ್ ಗ್ಯಾರೇಜಿನಲ್ಲಿ ಆರು ವರ್ಷ ಇದ್ದೆ, ಎಫ್‌ಡಿ ಮೂರ್ನಾಲ್ಕು ಕೈಗೆ ಬಂದಿದ್ದವು. ನಿಮ್ಮ ಮೂರನೇ ಪ್ರಶ್ನೆ ನೋಡಿ ಬರೆಯಲೇಬೇಕು ಅನ್ನಿಸಿತು.

ಮೊದಲು ಆ ಹಿರಿಯರನ್ನು ಕೇಳಿ: ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಕಂಪನಿಯದೇ ಇದೆಯಾ, ಸಿಂಗಲ್ ಟರ್ಬೋ ಮಾಡಿಸಿದ್ದಾರಾ? ಎಲ್ಲಾ ಇದರ ಮೇಲೆ ನಿಂತಿದೆ. ಎಫ್‌ಡಿಯಲ್ಲಿರೋ 13ಬಿ-ಆರ್‌ಇಡಬ್ಲ್ಯೂ ಇಂಜಿನ್‌ಗೆ ಕಂಪನಿ ಕೊಟ್ಟಿದ್ದು ಎರಡು ಟರ್ಬೋ, ಒಂದಾದ ಮೇಲೆ ಒಂದು ಕೆಲಸ ಮಾಡುವ ಹಾಗೆ. ಅದನ್ನು ನಡೆಸೋಕೆ ವ್ಯಾಕ್ಯೂಮ್ ಪೈಪುಗಳ ದೊಡ್ಡ ಸಿಕ್ಕೇ ಇದೆ. ಸಿಂಗಲ್ ಟರ್ಬೋ ಹಾಕಿದಾಗ ನಾವು ಮೊದಲು ಕಿತ್ತು ಬಿಸಾಡೋದು ಆ ಸಿಕ್ಕನ್ನೇ. ಅಂದರೆ ಚೆನ್ನಾಗಿ ಮಾಡಿಫೈ ಮಾಡಿದ ಗಾಡಿಯ ಬಾನೆಟ್ ತೆಗೆದರೆ ಕಂಪನಿಯದಕ್ಕಿಂತ ಖಾಲಿ ಖಾಲಿ ಇರುತ್ತದೆ. ಸುಮ್ನೆ ವೈರ್ ತುಂಬಿಸಿದರೆ ಆ ಗಾಡಿ ಗೊತ್ತಿರೋರಿಗೆ ಒಂದೇ ನೋಟಕ್ಕೆ ತಪ್ಪು ಕಾಣುತ್ತದೆ, ನೀವು ಕಳಿಸ್ತಿರೋದು ಅದರ ಯಜಮಾನರಿಗೇ ಅಲ್ವಾ.

ಎರಡು ರೋಟರ್, ಒಂದೊಂದಕ್ಕೆ ಎರಡು ಸ್ಪಾರ್ಕ್ ಪ್ಲಗ್, ಒಟ್ಟು ನಾಲ್ಕು. ಟರ್ಬೋ ಇರೋ ಬದಿಯಲ್ಲಿ ಅಲ್ಲ, ಎದುರು ಬದಿಯಲ್ಲಿ. ಮೇಲಿನ ಎರಡು ಟ್ರೇಲಿಂಗ್ (ಆಮೇಲೆ ಕಿಡಿ ಕೊಡೋವು), ಕೆಳಗಿನ ಎರಡು ಲೀಡಿಂಗ್ (ಮೊದಲು ಕಿಡಿ ಕೊಡೋವು). ವೈರ್ 8 ಮಿ.ಮೀ. ಅಂದರೆ ನಿಮ್ಮ ಲೆಕ್ಕದಲ್ಲಿ 0.33. ಮೊಬೈಲ್ ರಿಪೇರಿಯವರ ಹತ್ತಿರ ಇರೋ 0.3ರ ಸೋಲ್ಡರ್ ವೈರ್ ನೋಡಿ, ಬಗ್ಗಿಸಿದ ಹಾಗೇ ನಿಲ್ಲುತ್ತದೆ.

ಟರ್ಬೋ ಇಡೀ ಒಂದೇ ಬೆಳ್ಳಿ ಬಣ್ಣ ಹೊಡೆಯಬೇಡಿ. ಎಕ್ಸಾಸ್ಟ್ ಬದಿಯ ಚಿಪ್ಪು ಬೀಡು ಕಬ್ಬಿಣ, ಬಿಸಿ ತಿಂದು ತಿಂದು ತುಕ್ಕು ಕಂದು ಆಗಿರುತ್ತದೆ. ಗಾಳಿ ಒತ್ತುವ ಬದಿ ಅಲ್ಯೂಮಿನಿಯಂ, ತಿಳಿ ಬೂದು. ನಡುವೆ ಬೆರಳಗಲದ ಜಾಗದಲ್ಲಿ ಬಣ್ಣ ಬದಲಾಗಿಬಿಡುತ್ತದೆ. ಅದೊಂದು ಸರಿಯಾಗಿ ಮಾಡಿ ಸಾಕು, ಇಂಜಿನ್ ಓಡಿರೋ ಗಾಡಿ ಅನ್ನಿಸುತ್ತದೆ.

ಮೈಸೂರು_ಮಾಡೆಲರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಅವರಿಗೆ ಮೆಸೇಜ್ ಹಾಕಿದೆ. ಬೆಳಗ್ಗೆ ಏಳುವಷ್ಟರಲ್ಲಿ ಇಂಜಿನ್ನಿನ ಹನ್ನೊಂದು ಫೋಟೋ ಬಂದಿದ್ದವು, ಒಂದರಲ್ಲಿ ಪ್ಲಗ್ ವೈರ್ ಪಕ್ಕದಲ್ಲೇ ಅಳತೆಪಟ್ಟಿ ಇಟ್ಟು ತೆಗೆದಿದ್ದಾರೆ. ಭಟ್ಕಳದವರು ಹೇಳಿದ ಹಾಗೇ ಸಿಂಗಲ್ ಟರ್ಬೋ. ನಾನು ಆಗಲೇ ಅಂಟಿಸಿದ್ದ ಹದಿನಾಲ್ಕು ವೈರುಗಳಲ್ಲಿ ಒಂಬತ್ತು ಕಿತ್ತೆ.

ಚಕ್ರ ಅಳೆದೆ. ನಾನು ತರಿಸಿದ್ದ ರಿಮ್‌ಗೆ ಟೈರ್ ಹಾಕಿದರೆ ಹೊರಗಿನ ಅಳತೆ 28.5 ಮಿ.ಮೀ. ಬರುತ್ತಿದೆ, ಆರ್ಚ್‌ಗೆ ತಾಗುತ್ತದೆ. ತೆಳು ಟೈರ್ ಹುಡುಕುತ್ತಿದ್ದೇನೆ, ಯಾರ ಹತ್ತಿರವಾದರೂ 19 ಮಿ.ಮೀ. ರಿಮ್‌ಗೆ ಕೂರುವ 27ರ ಒಳಗಿನ ಜೋಡಿ ಇದ್ದರೆ ಹೇಳಿ. ಅದು ಬರೋ ತನಕ ಫೆಂಡರ್ ಮುಟ್ಟಲ್ಲ. ಹಳೇ ಪುಟ್ಟಿ ಪೂರ್ತಿ ಕೆರೆದು ಬಾಡಿಯನ್ನು ಸೋಪು ನೀರಿನಲ್ಲಿ ತೊಳೆದು ಇಟ್ಟಿದ್ದೇನೆ.