ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಫೋನನ್ನ ಮತ್ತೆ ಲಾಕ್ ಮಾಡೋದು: ಯಾವಾಗ ಆಗುತ್ತೆ, ಯಾವಾಗ ಇಟ್ಟಿಗೆ ಆಗುತ್ತೆ (ಆನ್ ಆಗದೆ ಸಾಯುತ್ತೆ)?

ಬೀಗದಕೈ (ಪ್ರಶ್ನೆ):

ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 7. ಡೆವಲಪರ್ ಆಪ್ಷನ್ಸ್‌ನಲ್ಲಿ ಒಇಎಂ ಅನ್‌ಲಾಕಿಂಗ್ ಸ್ವಿಚ್ (ಬೂಟ್‌ಲೋಡರ್, ಅಂದ್ರೆ ಫೋನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂನ ಬೀಗ ತೆರೆಯೋಕೆ ಬಿಡೋ ಸ್ವಿಚ್) ಮಂಕಾಗಿದೆ, ಒತ್ತಿದ್ರೆ ಏನೂ ಆಗಲ್ಲ. ಸಿಮ್ ಲಾಕ್ ಇಲ್ಲ, ಯಾವ ಸಿಮ್ ಹಾಕಿದ್ರೂ ನೆಟ್‌ವರ್ಕ್ ಬರುತ್ತೆ.

ಬೇಕಾಗಿರೋದು ಇಷ್ಟು: ಅನ್‌ಲಾಕ್ ಮಾಡಿ ಬೇರೆ ರಾಮ್ (ROM, ಅಂದ್ರೆ ಫೋನಿನ ಆಪರೇಟಿಂಗ್ ಸಿಸ್ಟಂ) ಹಾಕ್ಬೇಕು, ಆಮೇಲೆ ಬೂಟ್‌ಲೋಡರ್ ಮತ್ತೆ ಲಾಕ್ ಮಾಡ್ಬೇಕು. ಆಗುತ್ತೆ ಅಂತಾದ್ರೆ ಮ್ಯಾಜಿಸ್ಕ್ ಅನ್ನೋ ಟೂಲ್ ಹಾಕಿ ರೂಟ್ (ಸಿಸ್ಟಂ ಮೇಲೆ ಪೂರ್ತಿ ಹಿಡಿತ) ಕೂಡ. ರೂಟ್ ಮತ್ತು ಲಾಕ್ ಎರಡೂ ಒಟ್ಟಿಗೆ ಇರೋಕೆ ಸಾಧ್ಯನಾ? ಈ ಫೋನ್ ಆಗಲ್ಲ ಅಂದ್ರೆ ಬೇರೆ ಯಾವ ಕಂಪನಿಯವರು ಅನ್‌ಲಾಕ್ ಮಾಡೋಕೆ ಬಿಡ್ತಾರೆ ಅಂತಲೂ ಹೇಳಿ.

ಸ್ಲಾಟ್‌ಬಿ:

ಸಿಮ್ ಲಾಕ್ ಬೇರೆ, ಬೂಟ್‌ಲೋಡರ್ ಲಾಕ್ ಬೇರೆ. ಒಂದು ತೆರೆದಿದೆ ಅಂದ್ರೆ ಇನ್ನೊಂದೂ ತೆರೆದಿದೆ ಅಂತಲ್ಲ. ಅಮೆರಿಕದ ವೆರೈಝನ್ ಮಾರಿದ ಪಿಕ್ಸೆಲ್‌ಗಳಲ್ಲಿ ಸಿಮ್ ಲಾಕ್ ಹೋದ ಮೇಲೂ ಆ ಸ್ವಿಚ್ ಮಂಕಾಗಿಯೇ ಉಳಿಯುತ್ತೆ, ಅದಕ್ಕೆ ಅಧಿಕೃತ ದಾರಿ ಇಲ್ಲ. ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ ಕೊಳ್ಳೋರು ಹಣ ಕೊಡೋಕೆ ಮುಂಚೆ ನೋಡ್ಬೇಕಾದ ಮೊದಲ ವಿಷಯ ಇದೇ.

ಆದ್ರೆ ಈಗಲೇ ಕೈಬಿಡಬೇಡಿ. ಆ ಸ್ವಿಚ್ ಒಮ್ಮೆ ಗೂಗಲ್ ಸರ್ವರ್ ಹತ್ರ ಕೇಳಿಕೊಂಡು ಆಮೇಲೆ ತೆರೆಯುತ್ತೆ. ಫ್ಯಾಕ್ಟರಿ ರೀಸೆಟ್ ಮಾಡಿ (ಹಳೆ ಮಾಲೀಕರ ಅಕೌಂಟ್ ಉಳಿದಿದ್ರೆ ರೀಸೆಟ್‌ಗೆ ಮುಂಚೆಯೇ ತೆಗೆಸಿ, ಇಲ್ಲಾಂದ್ರೆ ಸೆಟಪ್‌ನಲ್ಲೇ ಸಿಕ್ಕಿ ಬೀಳ್ತೀರಿ), ಸಿಮ್ ಹಾಕದೆ, ವೈಫೈಗೆ ಸೇರಿಸಿ, ಬಿಲ್ಡ್ ನಂಬರ್ ಏಳು ಸಲ ತಟ್ಟಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಇಂಟರ್ನೆಟ್ ಇದ್ದೂ ಮಂಕಾಗಿಯೇ ಇದ್ರೆ ಅದು ಕ್ಯಾರಿಯರ್ (ನೆಟ್‌ವರ್ಕ್ ಕಂಪನಿ) ಮಾರಿದ ಮಾಡೆಲ್ ಅಂತ ಇಟ್ಕೊಳ್ಳಿ.

ಸ್ವಿಚ್ ಆನ್ ಆದ ಮೇಲೆ ಫೋನ್ ಆಫ್ ಮಾಡಿ, ವಾಲ್ಯೂಮ್ ಡೌನ್ ಮತ್ತು ಪವರ್ ಹಿಡಿದು ಫಾಸ್ಟ್‌ಬೂಟ್‌ಗೆ (ಕಂಪ್ಯೂಟರ್‌ನಿಂದ ಬೂಟ್‌ಲೋಡರ್‌ಗೆ ಆಜ್ಞೆ ಕೊಡೋ ಮೋಡ್) ಹೋಗಿ. ಕಂಪ್ಯೂಟರ್‌ನಲ್ಲಿ ಮೊದಲು:

ಫಾಸ್ಟ್‌ಬೂಟ್ ಫ್ಲಾಶಿಂಗ್ ಗೆಟ್_ಅನ್‌ಲಾಕ್_ಎಬಿಲಿಟಿ

1 ಬಂದ್ರೆ ಮುಂದುವರೀರಿ, 0 ಬಂದ್ರೆ ಸ್ವಿಚ್ ನಿಜಕ್ಕೂ ಆನ್ ಆಗಿಲ್ಲ. ಆಮೇಲೆ:

ಫಾಸ್ಟ್‌ಬೂಟ್ ಫ್ಲಾಶಿಂಗ್ ಅನ್‌ಲಾಕ್

ಫೋನ್ ಪರದೆ ಮೇಲೆ ಬರೋ ಪ್ರಶ್ನೆಗೆ ವಾಲ್ಯೂಮ್ ಗುಂಡಿಯಿಂದ ಆಯ್ಕೆ ಬದಲಿಸಿ ಪವರ್ ಒತ್ತಿ. ಅಷ್ಟೇ. ಫೋನ್ ಪೂರ್ತಿ ಅಳಿಸಿ ಹೋಗುತ್ತೆ, ಇದನ್ನ ತಪ್ಪಿಸೋಕೆ ಆಗಲ್ಲ, ಆಗಲೂಬಾರದು. ಅಳಿಸದೆ ಅನ್‌ಲಾಕ್ ಆಗೋ ಹಾಗಿದ್ರೆ ಕದ್ದ ಫೋನಿಗೆ ಯಾರು ಬೇಕಾದ್ರೂ ತಮ್ಮ ಇಮೇಜ್ (ಫೋನಿಗೆ ಬರೆಯೋ ಸಿಸ್ಟಂ ಫೈಲ್) ಹಾಕಿ ಒಳಗಿನ ಡೇಟಾಗೆ ಕೈ ಹಾಕಬಹುದಿತ್ತು. ಲಾಕ್ ಸ್ಥಿತಿ ಬದಲಾದಾಗ ಹಾರ್ಡ್‌ವೇರ್ ಕೀಸ್ಟೋರ್‌ಗೆ (ಕೀಲಿಗಳನ್ನ ಕಾಪಾಡೋ ಭಾಗ) ಹೋಗೋ ರೂಟ್ ಆಫ್ ಟ್ರಸ್ಟ್ (ನಂಬಿಕೆಯ ಬುನಾದಿ) ಬೆಲೆಯೂ ಬದಲಾಗುತ್ತೆ, ಹಾಗಾಗಿ ಹಳೆ ಕೀಲಿಗಳು ಹೇಗೂ ಕೆಲಸಕ್ಕೆ ಬರಲ್ಲ. ಮತ್ತೆ ಲಾಕ್ ಮಾಡುವಾಗಲೂ ಇದೇ ಕಥೆ, ಇನ್ನೊಮ್ಮೆ ಎಲ್ಲ ಅಳಿಸುತ್ತೆ. ಆದ್ದರಿಂದ ಆ್ಯಪ್‌ಗಳನ್ನೆಲ್ಲ ಹೊಂದಿಸಿಕೊಂಡು ಕೊನೆಗೆ ಲಾಕ್ ಮಾಡೋಣ ಅಂದ್ಕೊಳ್ಳಬೇಡಿ.

ಹಸಿರುಹಳದಿ:

ಮತ್ತೆ ಲಾಕ್ ಮಾಡೋ ವಿಷಯಕ್ಕೆ ಬರ್ತೀನಿ, ಫೋನ್‌ಗಳು ಸಾಯೋದು ಹೆಚ್ಚಾಗಿ ಅಲ್ಲೇ. ಅನ್‌ಲಾಕ್ ಮಾಡುವಾಗ ಇಟ್ಟಿಗೆ ಆಗೋದು ಅಪರೂಪ.

ಆಂಡ್ರಾಯ್ಡ್ ವೆರಿಫೈಡ್ ಬೂಟ್‌ಗೆ (ಬೂಟ್ ಆಗುವಾಗ ಸಿಸ್ಟಂನ ಡಿಜಿಟಲ್ ಸಹಿ ನೋಡೋ ವ್ಯವಸ್ಥೆ) ನಾಲ್ಕು ಬಣ್ಣ. ಹಸಿರು ಅಂದ್ರೆ ಲಾಕ್ ಆಗಿದೆ, ತಯಾರಕರ ಸಹಿ ಸರಿ ಇದೆ. ಹಳದಿ ಅಂದ್ರೆ ಲಾಕ್ ಆಗಿದೆ, ಆದ್ರೆ ಸಹಿ ನೀವು ಕೂರಿಸಿದ ಕೀಲಿಯದ್ದು. ಕಿತ್ತಳೆ ಅಂದ್ರೆ ಅನ್‌ಲಾಕ್, ಏನನ್ನೂ ತಡೆಯಲ್ಲ, ಪ್ರತಿ ಬೂಟ್‌ಗೂ ಎಚ್ಚರಿಕೆ ತೋರಿಸುತ್ತೆ. ಕೆಂಪು ಅಂದ್ರೆ ಸಹಿ ತಾಳೆ ಆಗಿಲ್ಲ, ಬೂಟ್ ಆಗಲ್ಲ.

ನಿಮಗೆ ಬೇಕಿರೋದು ಹಳದಿ. ಅದಕ್ಕೆ ಎರಡು ಬೇಕು: ಮಾಲೀಕರ ಸ್ವಂತ ಕೀಲಿಯನ್ನ ಒಪ್ಪೋ ಬೂಟ್‌ಲೋಡರ್, ಮತ್ತು ಎಲ್ಲ ಪಾರ್ಟಿಷನ್‌ಗಳಿಗೂ (ಸ್ಟೋರೇಜ್‌ನ ಭಾಗಗಳು) ಸರಿಯಾಗಿ ಸಹಿ ಹಾಕಿ ಕೀಲಿ ಸಮೇತ ಬರೋ ರಾಮ್. ಪಿಕ್ಸೆಲ್‌ಗಳಲ್ಲಿ ಮೊದಲನೆಯದು ಇದೆ. ಗ್ರ್ಯಾಫೀನ್‌ಒಎಸ್ ಥರದ ರಾಮ್‌ನಲ್ಲಿ ಎರಡನೆಯದು ಇದೆ. ಲೀನಿಯೇಜ್‌ಒಎಸ್‌ನ ಅಧಿಕೃತ ಬಿಲ್ಡ್ ಹಾಕೋದಾದ್ರೆ ಲಾಕ್ ಮಾಡೋ ಯೋಚನೆ ಬಿಡಿ, ಅವರೇ ಬೇಡ ಅಂತಾರೆ.

ಕ್ರಮ ಹೀಗೆ: ರಾಮ್ ಪೂರ್ತಿ ಫ್ಲಾಶ್ ಆಗಬೇಕು (ಫೋನಿಗೆ ಬರೆದು ಮುಗೀಬೇಕು). ಅದರ ಇನ್‌ಸ್ಟಾಲರ್ ಇವೆರಡನ್ನ ತಾನೇ ಓಡಿಸುತ್ತೆ, ಇಲ್ಲದಿದ್ರೆ ನೀವು ಕೊಡಿ:

ಫಾಸ್ಟ್‌ಬೂಟ್ ಇರೇಸ್ ಎವಿಬಿ_ಕಸ್ಟಮ್_ಕೀ
ಫಾಸ್ಟ್‌ಬೂಟ್ ಫ್ಲಾಶ್ ಎವಿಬಿ_ಕಸ್ಟಮ್_ಕೀ ಎವಿಬಿ_ಪಿಕೆಎಂಡಿ.ಬಿನ್

ಆಮೇಲೆ ಫಾಸ್ಟ್‌ಬೂಟ್ ಫ್ಲಾಶಿಂಗ್ ಲಾಕ್. ಬೂಟ್ ಆಗುವಾಗ ಹಳದಿ ಪರದೆಯಲ್ಲಿ ಕೀಲಿಯ ಹ್ಯಾಶ್ (ಅದರ ಗುರುತಿನ ಅಕ್ಷರ-ಅಂಕಿ ಸಾಲು) ಬರುತ್ತೆ, ಅದನ್ನ ರಾಮ್‌ನವರು ತಮ್ಮ ಪುಟದಲ್ಲಿ ಕೊಟ್ಟಿರೋದರ ಜತೆ ತಾಳೆ ನೋಡಿ.

ರೂಟ್ ಜತೆಗೆ ಲಾಕ್: ಆಗಲ್ಲ ಅಂತಲೇ ತಿಳ್ಕೊಳ್ಳಿ. ಮ್ಯಾಜಿಸ್ಕ್ ಮಾಡೋದೇ ಬೂಟ್ ಇಮೇಜ್ ತಿದ್ದೋದು. ತಿದ್ದಿದ ಕ್ಷಣ ಸಹಿ ಮುರೀತು, ಲಾಕ್ ಮಾಡಿದ್ರೆ ನೇರ ಕೆಂಪು. ತಿದ್ದಿದ ಇಮೇಜ್‌ಗೆ ಸ್ವಂತ ಕೀಲಿಯಿಂದ ಸಹಿ ಹಾಕಿ ಅದೇ ಕೀಲಿ ಕೂರಿಸೋರು ಇದ್ದಾರೆ, ಆದ್ರೆ ಪ್ರತಿ ಅಪ್‌ಡೇಟ್‌ಗೂ ಆ ಕೆಲಸ ಮತ್ತೆ ಮಾಡ್ಬೇಕು. ಅದೂ ಅಲ್ಲದೆ ರೂಟ್ ಇದ್ದ ಮೇಲೆ ಲಾಕ್‌ನಿಂದ ಸಿಗೋ ರಕ್ಷಣೆ ಅರ್ಧ ಹೋದ ಹಾಗೆಯೇ. ಒಂದನ್ನ ಆರಿಸಿಕೊಳ್ಳಿ.

ರೂಟ್ ಆರಿಸಿದ್ರೆ ಒಂದು ಮಾತು: ಪಿಕ್ಸೆಲ್ 7 ಆಂಡ್ರಾಯ್ಡ್ 13ರ ಜತೆ ಬಂದ ಫೋನ್, ಇದರಲ್ಲಿ ತಿದ್ದಬೇಕಾದ್ದು ಇನಿಟ್_ಬೂಟ್ ಇಮೇಜ್. ಹಳೆ ವಿಡಿಯೊಗಳಲ್ಲಿ ಹೇಳೋ ಬೂಟ್ ಇಮೇಜ್ ಅಲ್ಲ. ಇಮೇಜ್ ನಿಮ್ಮ ಫೋನಿನಲ್ಲಿರೋ ಅದೇ ಬಿಲ್ಡ್‌ನದ್ದಾಗಿರಬೇಕು. ಅಪ್‌ಡೇಟ್ ಬಂದಾಗ ಮ್ಯಾಜಿಸ್ಕ್‌ನಲ್ಲಿ ಮೊದಲು ರಿಸ್ಟೋರ್ ಇಮೇಜಸ್, ಆಮೇಲೆ ಓಟಿಎ (ಫೋನಿಗೇ ನೇರ ಬರೋ ಅಪ್‌ಡೇಟ್) ಹಾಕಿ, ರೀಸ್ಟಾರ್ಟ್ ಕೇಳಿದ್ರೂ ಒತ್ತದೆ ಮ್ಯಾಜಿಸ್ಕ್‌ಗೆ ವಾಪಸ್ ಬಂದು ಇನ್‌ಸ್ಟಾಲ್ ಟು ಇನ್ಆ್ಯಕ್ಟಿವ್ ಸ್ಲಾಟ್ ಕೊಡಿ (ಸಿಸ್ಟಂ ಇಡೋ ಎರಡು ಜಾಗಗಳೇ ಸ್ಲಾಟ್, ಅದರಲ್ಲಿ ಈಗ ಓಡದೆ ಇರೋದು), ರೀಸ್ಟಾರ್ಟ್ ಕೊನೆಗೆ.

ಫ್ಯೂಸ್‌ಬಾಕ್ಸ್:

ಬೇರೆ ಕಂಪನಿಗಳ ಬಗ್ಗೆ ಕೇಳಿದ್ರಿ. "ಅನ್‌ಲಾಕ್ ಬಿಡ್ತಾರೆ" ಅನ್ನೋದು ಒಂದೊಂದು ಕಡೆ ಒಂದೊಂದು ಥರ.

ಮೊಟೊರೋಲಾ: ಫಾಸ್ಟ್‌ಬೂಟ್ ಒಇಎಂ ಗೆಟ್_ಅನ್‌ಲಾಕ್_ಡೇಟಾ ಕೊಟ್ರೆ ಐದು ಸಾಲು ಅಕ್ಷರ-ಅಂಕಿ ಬರುತ್ತೆ. ಸಾಲಿನ ಮೊದಲಿಗಿರೋ ಬೂಟ್‌ಲೋಡರ್ ಅನ್ನೋ ಪದ, ಖಾಲಿ ಜಾಗ ಎಲ್ಲ ತೆಗೆದು ಒಂದೇ ಸಾಲು ಮಾಡಿ ಅವರ ಸೈಟ್‌ಗೆ ಹಾಕಿ. ಒಂದು ಸ್ಪೇಸ್ ಉಳಿದ್ರೂ ಒಪ್ಪಲ್ಲ. ಅರ್ಹ ಮಾಡೆಲ್ ಆಗಿದ್ರೆ ಕೋಡ್ ಇಮೇಲ್‌ಗೆ ಬರುತ್ತೆ. ಕ್ಯಾರಿಯರ್ ಮಾರಿದ ಎಷ್ಟೋ ಮಾಡೆಲ್‌ಗಳಿಗೆ ಬರಲ್ಲ.

ಶಿಯೋಮಿ: ಅಕೌಂಟ್ ಜೋಡಿಸಬೇಕು, ಕಾಯಬೇಕು, ಅವರ ವಿಂಡೋಸ್ ಟೂಲ್ ಬಳಸಬೇಕು. ಅವರ ಹೊಸ ಸಿಸ್ಟಂ ಹೈಪರ್‌ಒಎಸ್ ಬಂದ ಮೇಲೆ ಕಮ್ಯುನಿಟಿ ಆ್ಯಪ್‌ನಲ್ಲಿ ಅನುಮತಿಯನ್ನೂ ಕೇಳಬೇಕು. ಕಾಯುವಾಗ ಅಕೌಂಟ್ ಸೇರಿಸೋ ಗುಂಡಿಯನ್ನ ಮತ್ತೆ ಮತ್ತೆ ಒತ್ತಬೇಡಿ, ಗಡುವು ಮೊದಲಿಂದ ಶುರುವಾಗಬಹುದು. ಇನ್ನೊಂದು ದೊಡ್ಡ ಗುಂಡಿ: ಮಿ ಫ್ಲಾಶ್ ಟೂಲ್‌ನ ಕೆಳಗೆ "ಕ್ಲೀನ್ ಆಲ್ ಅಂಡ್ ಲಾಕ್" ಮೊದಲೇ ಆಯ್ಕೆ ಆಗಿರುತ್ತೆ. ಚೀನಾ ಮಾಡೆಲ್‌ಗೆ ಗ್ಲೋಬಲ್ ರಾಮ್ ಹಾಕುವಾಗ ಅದನ್ನ ನೋಡದೆ ಫ್ಲಾಶ್ ಕೊಟ್ರೆ ಲಾಕ್ ಆಗಿ, ಈ ಆವೃತ್ತಿ ಈ ಸಾಧನಕ್ಕೆ ಹೊಂದಲ್ಲ ಅನ್ನೋ ಪರದೆಯಲ್ಲಿ ನಿಂತುಬಿಡುತ್ತೆ. "ಕ್ಲೀನ್ ಆಲ್" ಆಯ್ಕೆ ಮಾಡಿಕೊಂಡು ಆಮೇಲೆ ಮುಂದಿನ ಕೆಲಸ.

ಸ್ಯಾಮ್‌ಸಂಗ್: ನಾಕ್ಸ್ ಅನ್ನೋದು ಸಾಫ್ಟ್‌ವೇರ್ ಗುರುತಲ್ಲ, ಚಿಪ್ ಒಳಗಿನ ಫ್ಯೂಸ್. ಅನಧಿಕೃತ ಇಮೇಜ್ ಹಾಕಿದ್ರೆ ಸುಡುತ್ತೆ, ಸ್ಟಾಕ್ ರಾಮ್‌ಗೆ (ಕಂಪನಿಯದೇ ಮೂಲ ರಾಮ್) ವಾಪಸ್ ಹೋದ್ರೂ ಮೊದಲಿನ ಸ್ಥಿತಿಗೆ ಬರಲ್ಲ. ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ಪೇ ಕಾಯಂ ಹೋದ ಹಾಗೆ. ಈಗಂತೂ 2025ರ ಒನ್ ಯುಐ 8ರಿಂದ ಅನ್‌ಲಾಕ್ ಆಯ್ಕೆಯನ್ನೇ ಎತ್ತಿಬಿಟ್ಟಿದ್ದಾರೆ.

ಸೋನಿ ಅಧಿಕೃತವಾಗಿ ಕೋಡ್ ಕೊಡುತ್ತೆ. ಆದ್ರೆ ಹಳೆ ಎಕ್ಸ್‌ಪೀರಿಯಾಗಳಲ್ಲಿ ಅನ್‌ಲಾಕ್ ಆದ ಕ್ಷಣ ಟಿಎ ಅನ್ನೋ ಪಾರ್ಟಿಷನ್‌ನ ಡಿಆರ್‌ಎಂ ಕೀಲಿಗಳು (ಹಕ್ಕು ಕಾಪಾಡೋ ಕೀಲಿಗಳು) ಅಳಿಸಿ, ಕಡಿಮೆ ಬೆಳಕಿನ ಫೋಟೊಗಳ ಗುಣಮಟ್ಟ ಬಿದ್ದುಹೋಗ್ತಿತ್ತು. ಹುವಾವೇ 2018ರಲ್ಲಿ ಕೋಡ್ ಕೊಡೋದನ್ನೇ ನಿಲ್ಲಿಸಿತು. ಹಿಂದಿನ ಮಾಡೆಲ್‌ಗೆ ಬಿಟ್ಟಿದ್ರು ಅಂತ ಹೊಸದನ್ನ ಕೊಳ್ಳಬಾರದು ಅನ್ನೋದಕ್ಕೆ ಇದೇ ಉದಾಹರಣೆ ಸಾಕು. ನಿಮ್ಮ ಮಾಡೆಲ್ ನಂಬರ್‌ನ ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡಿ.

ಎಲ್ಲಾ ಕಂಪನಿಗೂ ಅನ್ವಯಿಸೋದು: ಅನ್‌ಲಾಕ್ ಇರುವಾಗ ಪ್ಲೇ ಇಂಟೆಗ್ರಿಟಿಯ (ಫೋನ್ ನಂಬಬಹುದಾ ಅಂತ ಗೂಗಲ್ ಮಾಡೋ ಪರೀಕ್ಷೆ) ಸ್ಟ್ರಾಂಗ್ ಹಂತ ಪಾಸಾಗಲ್ಲ, ಬ್ಯಾಂಕ್ ಆ್ಯಪ್‌ಗಳು ಮುನಿಸಿಕೊಳ್ಳೋದು ಇದಕ್ಕೇ. ಹಳದಿ ಸ್ಥಿತಿಯಲ್ಲೂ ಗೂಗಲ್ ಪ್ರಮಾಣೀಕರಿಸಿದ ರಾಮ್ ಅಲ್ಲ ಅಂತ ತಡೀಬಹುದು. ಕೆಲವು ಫೋನ್‌ಗಳಲ್ಲಿ ವೈಡ್‌ವೈನ್ (ವಿಡಿಯೊ ನಕಲು ತಡೆಯೋ ವ್ಯವಸ್ಥೆ) ಹಂತ ಎಲ್1ರಿಂದ ಎಲ್3ಕ್ಕೆ ಇಳಿದು, ಸ್ಟ್ರೀಮಿಂಗ್ ವಿಡಿಯೊ ಎಚ್‌ಡಿ ಬರಲ್ಲ.

ಬೀಗದಕೈ:

ರೀಸೆಟ್ ಮಾಡಿ ವೈಫೈಗೆ ಸೇರಿಸಿದ ಮೇಲೆ ಸ್ವಿಚ್ ಆನ್ ಆಯ್ತು, ಧನ್ಯವಾದ. ಲಾಕ್ ದಾರಿಯೇ ಸರಿ, ರೂಟ್ ಬೇಡ. ಆದ್ರೆ ವಿಂಡೋಸ್‌ನಲ್ಲಿ ಎಡಿಬಿ (ಆನ್ ಇರೋ ಫೋನಿಗೆ ಕಂಪ್ಯೂಟರ್‌ನಿಂದ ಆಜ್ಞೆ ಕೊಡೋ ಟೂಲ್) ಫೋನನ್ನ ಗುರುತಿಸುತ್ತೆ, ಫಾಸ್ಟ್‌ಬೂಟ್‌ಗೆ ಹೋದ್ರೆ "ವೇಟಿಂಗ್ ಫಾರ್ ಎನಿ ಡಿವೈಸ್" ಅಂತ ನಿಂತುಬಿಡುತ್ತೆ. ಇನ್ನೊಂದು, ರಾಮ್ ಇಷ್ಟವಾಗದಿದ್ರೆ ಸ್ಟಾಕ್‌ಗೆ ವಾಪಸ್ ಬರೋದು ಹೇಗೆ?

ಸ್ಲಾಟ್‌ಬಿ:

ಫಾಸ್ಟ್‌ಬೂಟ್‌ನಲ್ಲಿರುವಾಗ ಫೋನ್ ವಿಂಡೋಸ್‌ಗೆ ಬೇರೆಯೇ ಸಾಧನವಾಗಿ ಕಾಣುತ್ತೆ, ಅದಕ್ಕೆ ಬೇರೆ ಡ್ರೈವರ್. ಫೋನ್ ಫಾಸ್ಟ್‌ಬೂಟ್‌ನಲ್ಲಿ ಇರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ತ್ರಿಕೋನ ಇರೋದಕ್ಕೆ ಗೂಗಲ್ ಯುಎಸ್‌ಬಿ ಡ್ರೈವರ್‌ನಿಂದ "ಆಂಡ್ರಾಯ್ಡ್ ಬೂಟ್‌ಲೋಡರ್ ಇಂಟರ್‌ಫೇಸ್" ಆರಿಸಿ. ಪ್ಲಾಟ್‌ಫಾರ್ಮ್ ಟೂಲ್ಸ್ (ಎಡಿಬಿ, ಫಾಸ್ಟ್‌ಬೂಟ್ ಇರೋ ಗೂಗಲ್ ಪ್ಯಾಕೇಜ್) ಇತ್ತೀಚಿನದ್ದೇ ಇರಲಿ. ಯುಎಸ್‌ಬಿ ಹಬ್ ಬೇಡ, ಕೇಬಲ್ ಬದಲಿಸಿ ನೋಡಿ. ಫ್ಲಾಶ್ ನಡುವೆ ಸಂಪರ್ಕ ತಪ್ಪೋದು ಹೆಚ್ಚಾಗಿ ಕೇಬಲ್‌ನಿಂದಲೇ.

ಸ್ಟಾಕ್‌ಗೆ ವಾಪಸ್: ಮೊದಲು ಕಸ್ಟಮ್ ಕೀ ಇರೇಸ್ ಮಾಡಿ, ಆಮೇಲೆ ಗೂಗಲ್‌ನ ಆಂಡ್ರಾಯ್ಡ್ ಫ್ಲಾಶ್ ಟೂಲ್ ಅನ್ನ ಕ್ರೋಮ್‌ನಲ್ಲಿ ತೆರೆದರೆ ಬ್ರೌಸರ್‌ನಿಂದಲೇ ಫ್ಲಾಶ್ ಆಗುತ್ತೆ. ಇದೆಲ್ಲ ನಡೆಯೋದು ಬೂಟ್‌ಲೋಡರ್ ಅನ್‌ಲಾಕ್ ಇದ್ದಾಗ ಮಾತ್ರ. ಬಿಲ್ಡ್ ಆರಿಸುವಾಗ ಹಳೆಯದಕ್ಕೆ ಹೋಗಬೇಡಿ. ಬೂಟ್‌ಲೋಡರ್‌ನ ಆ್ಯಂಟಿ ರೋಲ್‌ಬ್ಯಾಕ್ ಸಂಖ್ಯೆ ಏರಿದ್ದರೆ ಹಿಂದಕ್ಕೆ ಬರಲ್ಲ: 2022ರ ಆಂಡ್ರಾಯ್ಡ್ 13 ಅಪ್‌ಡೇಟ್‌ನಲ್ಲಿ ಪಿಕ್ಸೆಲ್ 6, 6 ಪ್ರೊ, 6ಎ ಮೂರಕ್ಕೂ ಹೀಗೆ ಮಾಡಿದ್ರು. ಆಗ ಒಂದೇ ಸ್ಲಾಟ್‌ಗೆ ಹೊಸ ಬೂಟ್‌ಲೋಡರ್ ಹಾಕಿದವರ ಫೋನ್, ಬೂಟ್ ಕೆಟ್ಟು ಇನ್ನೊಂದು ಸ್ಲಾಟ್‌ನ ಹಳೆಯದಕ್ಕೆ ಜಾರಿದಾಗ ಏಳೋಕೇ ಆಗದ ಸ್ಥಿತಿಗೆ ಬರ್ತಿತ್ತು.

ಹಸಿರುಹಳದಿ:

ಒಂದು ಸೇರಿಸ್ತೀನಿ. ಲಾಕ್ ಆದ ತಕ್ಷಣ ಒಇಎಂ ಅನ್‌ಲಾಕಿಂಗ್ ಸ್ವಿಚ್ ಆಫ್ ಮಾಡ್ಬೇಡಿ. ಲಾಕ್ ಆದ ಮೇಲೆ ರಾಮ್ ಬೂಟ್ ಆಗದಿದ್ರೂ ಸ್ವಿಚ್ ಆನ್ ಇದ್ದರೆ ಫಾಸ್ಟ್‌ಬೂಟ್‌ನಿಂದ ಮತ್ತೆ ಅನ್‌ಲಾಕ್ ಮಾಡಿ ಫ್ಲಾಶ್ ಮಾಡಬಹುದು. ಆಫ್ ಇದ್ದು ಬೂಟ್ ಕೆಟ್ಟರೆ ಆ ದಾರಿ ಮುಚ್ಚಿದ ಹಾಗೆ. ಹ್ಯಾಶ್ ತಾಳೆಯಾಗಿ, ಸೆಟಪ್ ಮುಗಿದು, ಒಂದೆರಡು ಸಲ ರೀಸ್ಟಾರ್ಟ್ ಆಗಿ, ಒಂದು ಓಟಿಎ ಸರಿಯಾಗಿ ಕೂತ ಮೇಲೆ ಆಫ್ ಮಾಡಿ.